ಹಳೇ ‘ಲಿಯಾಂಡರ್’ ಮಾಡೆಲ್ ಎಂಜಿನ್ನಿಗೆ ‘ಮೈಸೂರ್’ ಅಂತ ಹೆಸರು ಹಾಕಿದ್ರೆ ಬೆಲೆ ಹೋಗುತ್ತಾ?

ಕುವೆಂಪುನಗರ_ಟು_ಲೆಸ್ಟರ್:
ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯೋದು ಇದೇ ಮೊದಲು, ಓದೋದು ಮಾತ್ರ ಮೂರು ವರ್ಷದಿಂದ ನಡೀತಿದೆ.

ಹೋದ ಭಾನುವಾರ ಲೆಸ್ಟರ್ ಹತ್ತಿರ ಒಂದು ಶಾಲೆ ಹಾಲ್‌ನಲ್ಲಿ ಹಳೇ ಆಟದ ಸಾಮಾನಿನ ಸಂತೆ ಇತ್ತು. ಒಂದು ಮೇಜಿನ ಮೂಲೆಯಲ್ಲಿ ಮೇನ್‌ಲೈನ್ ಕಂಪನಿಯ ಮಾಡೆಲ್ ರೈಲು, ಜೂಬಿಲಿ ವರ್ಗದ ಉಗಿ ಎಂಜಿನ್ ಕಣ್ಣಿಗೆ ಬಿತ್ತು. ಓಓ ಗೇಜ್ (ಬ್ರಿಟಿಷ್ ಮಾಡೆಲ್ ರೈಲುಗಳ ಅಳತೆ), ಎಲ್‌ಎಂಎಸ್ ಅನ್ನೋ ಹಳೇ ಬ್ರಿಟಿಷ್ ರೈಲು ಕಂಪನಿಯ ಕೆಂಪು, ನಂಬರ್ 5690, ಹೆಸರು ಲಿಯಾಂಡರ್. ಡಬ್ಬಿ ಇದೆ, ಒಳಗಿನ ಥರ್ಮೋಕೋಲ್ ಒಂದು ಮೂಲೆ ಮುರಿದಿದೆ. 40 ಪೌಂಡ್ ಅಂದ, ಚೌಕಾಸಿ ಮಾಡಿ 34ಕ್ಕೆ ತಂದೆ.

ರಾತ್ರಿ ಊಟ ಆದ್ಮೇಲೆ ಈ ಜೂಬಿಲಿಗಳ ಪಟ್ಟಿ ನೋಡ್ತಾ ಕೂತೆ. ಒಟ್ಟು 191 ಎಂಜಿನ್. 5574 ಇಂಡಿಯಾ, 5575 ಮದ್ರಾಸ್, 5576 ಬಾಂಬೆ... ಹಾಗೇ ಕೆಳಗೆ ಬಂದರೆ 5585 ಹೈದರಾಬಾದ್, 5586 ಮೈಸೂರ್! ಕುರ್ಚಿಯಿಂದ ಎದ್ದೇಬಿಟ್ಟೆ. ಮೂವತ್ತು ವರ್ಷ ಇಂಗ್ಲೆಂಡಿನಲ್ಲಿ ‘ಮೈಸೂರ್’ ಅನ್ನೋ ಉಗಿ ಎಂಜಿನ್ ಓಡಾಡ್ತಿತ್ತು, ನನಗೆ ಗೊತ್ತೇ ಇರಲಿಲ್ಲ.

ನಮ್ಮಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತೀನಿ. ಈ ಲಿಯಾಂಡರ್‌ನ ಹೆಸರು, ನಂಬರ್ ತೆಗೆದು ಮೈಸೂರ್ ಮಾಡಿ ಅವರ ಕೈಗಿಡೋಣ ಅಂತ ಆಸೆ. ಪ್ರಶ್ನೆ ಎರಡು: ಹಾಗೆ ಮಾಡಿದ್ರೆ ಸಂಗ್ರಹದ ಬೆಲೆ ಹಾಳಾಗುತ್ತಾ? ನಂಬರ್ ಅಳಿಸೋದು ಹೇಗೆ?

ಡಬ್ಬಿ_ಬಿಚ್ಚದವ:
ದಯವಿಟ್ಟು ಮುಟ್ಟಬೇಡಿ ಸರ್. ಕೈಮುಗಿದು ಕೇಳ್ಕೋತೀನಿ.

ಕಾರ್ಖಾನೆಯಿಂದ ಹೇಗೆ ಬಂತೋ ಹಾಗಿದ್ದರೆ ಮಾತ್ರ ಅದು ಸಂಗ್ರಹ. ಒಂದು ಅಕ್ಷರ ಅಳಿಸಿದರೂ ಅದು ಆಟದ ಸಾಮಾನು. ನನ್ನ ಹತ್ತಿರ 60 ಎಂಜಿನ್ ಇವೆ, 41ನ್ನು ಹಳಿ ಮೇಲೆ ಒಂದು ಸಲವೂ ಇಟ್ಟಿಲ್ಲ.

ಹಳಿ_ತಪ್ಪಿದವ:
ಒಂದು ಸಲನೂ ಓಡಿಸಿಲ್ಲ ಅಂದ್ರ ಅದು ಎಂಜಿನ್ ಹೆಂಗಾತ್ರೀ? ಅದು ಪೇಪರ್‌ವೇಟ್.

ಬೆಸುಗೆ_ಕಡ್ಡಿ:
ಹಾಹಾ. ಆದ್ರೆ ಡಬ್ಬಿ ಸರ್ ಹೇಳೋದು ಪೂರ್ತಿ ತಪ್ಪಲ್ಲ, ಈ ಮಾಡೆಲ್‌ಗೆ ಅದು ಅನ್ವಯ ಆಗಲ್ಲ ಅಷ್ಟೇ.

ಮೇನ್‌ಲೈನ್ ಅನ್ನೋದು ಪ್ಯಾಲಿಟಾಯ್ ಅನ್ನೋ ಆಟಿಕೆ ಕಂಪನಿಯ ರೈಲು ವಿಭಾಗ, 1976ರಲ್ಲಿ ಶುರುವಾದದ್ದು. ಮಾಡಿಕೊಡ್ತಿದ್ದವರು ಹಾಂಗ್‌ಕಾಂಗಿನ ಕೇಡರ್. ಆ ಕಾಲಕ್ಕೆ ಮೈಕಟ್ಟು ತುಂಬಾ ಚೆನ್ನಾಗಿತ್ತು ಅಂತ ಜನ ಮುಗಿಬಿದ್ದು ತಗೊಂಡ್ರು. ಅದರಲ್ಲೂ ಲಿಯಾಂಡರ್ ಬೇಕಾದಷ್ಟು ಸಿಗುತ್ತೆ, ಹಳೇ ಸಾಮಾನಿನ ಪ್ರತಿ ಸಂತೆಯಲ್ಲೂ ಒಂದೆರಡು ಇದ್ದೇ ಇರುತ್ತೆ. ಆಮೇಲೆ ಕೇಡರ್‌ನವರು ಬ್ಯಾಕ್‌ಮನ್ ಕಂಪನಿಯನ್ನೇ ಕೊಂಡು, ಅದೇ ಅಚ್ಚುಗಳನ್ನ ತಿದ್ದಿ ಬ್ಯಾಕ್‌ಮನ್ ಹೆಸರಲ್ಲಿ ಮಾರಿದ್ರು. ಹಾಗಾಗಿ ಇದು ಅಪರೂಪದ ವಸ್ತು ಅಲ್ಲ. ಧೈರ್ಯವಾಗಿ ಕೈ ಹಾಕಿ.

ಅದಕ್ಕಿಂತ ಮುಂಚೆ ಒಂದು ಮುಖ್ಯ ವಿಷಯ. ಅದು ಓಡುತ್ತಾ? ನೋಡಿದ್ರಾ?

ಕುವೆಂಪುನಗರ_ಟು_ಲೆಸ್ಟರ್:
ಮೇಡಂ, ಸಂತೆಯಲ್ಲಿ ಅವನ ಹಳಿ ಮೇಲೆ ಒಂದಡಿ ಓಡಿತು. ಮನೆಯಲ್ಲಿ 12 ವೋಲ್ಟ್ ಕಂಟ್ರೋಲರ್‌ಗೆ ಹಾಕಿದ್ರೆ ಕುಂಟುತ್ತೆ. ಚಕ್ರ ಒಂದು ಸುತ್ತು ಬರುವಾಗ ಒಂದು ಕಡೆ ಹಿಡಿದ ಹಾಗೆ ಆಗಿ ಟಿಕ್ ಅಂತ ಸದ್ದು.

ಬೆಸುಗೆ_ಕಡ್ಡಿ:
ಅಂದ್ಕೊಂಡೆ. ಸ್ಪ್ಲಿಟ್ ಚಾಸಿಸ್ ಕಾಯಿಲೆ.

ವಿವರವಾಗಿ ಹೇಳ್ತೀನಿ, ಬೇರೆಯವರಿಗೂ ಆಗುತ್ತೆ. ಸಾಮಾನ್ಯ ಮಾಡೆಲ್‌ನಲ್ಲಿ ಚಕ್ರದ ಹಿಂದೆ ತೆಳು ತಗಡಿನ ಪಟ್ಟಿ ಉಜ್ಜುತ್ತಾ ಕರೆಂಟ್ ತಗೊಳ್ಳುತ್ತೆ. ಇದರಲ್ಲಿ ಹಾಗಲ್ಲ. ಲೋಹದ ಚಾಸಿಸ್ಸನ್ನೇ ಉದ್ದಕ್ಕೆ ಎರಡು ಹೋಳು ಮಾಡಿರ್ತಾರೆ. ಎಡ ಹೋಳು ಒಂದು ತುದಿ, ಬಲ ಹೋಳು ಇನ್ನೊಂದು. ಕರೆಂಟ್ ಚಕ್ರದಿಂದ ಆಕ್ಸಲ್‌ಗೆ, ಆಕ್ಸಲ್‌ನಿಂದ ಚಾಸಿಸ್‌ಗೆ, ಅಲ್ಲಿಂದ ಮೋಟಾರ್‌ಗೆ ಹೋಗುತ್ತೆ. ಎಡ ಬಲ ಮುಟ್ಟಬಾರದಲ್ಲ, ಅದಕ್ಕೆ ಆಕ್ಸಲ್ಲನ್ನೂ ಎರಡು ತುಂಡು ಮಾಡಿ ನಡುವೆ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿರ್ತಾರೆ. ನಲವತ್ತು ವರ್ಷಕ್ಕೆ ಆ ಪ್ಲಾಸ್ಟಿಕ್ ಸೀಳು ಬಿಡುತ್ತೆ. ಆಗ ಎಡಚಕ್ರ ಬಲಚಕ್ರ ಒಂದಕ್ಕೊಂದು ಜಾರುತ್ತೆ, ಪಕ್ಕದ ರಾಡ್‌ಗಳು ಬಿಗಿಯುತ್ತೆ, ಎಂಜಿನ್ ಕುಂಟುತ್ತೆ. ನಿಮ್ಮ ‘ಟಿಕ್’ ಅದೇ.

ಕೊಳವೆ ಹೊಸದು ಬಿಡಿಯಾಗಿ ಸಿಗುತ್ತೆ. ಹಾಕುವಾಗ ಎರಡು ಕಡೆಯ ಚಕ್ರಗಳ ಕೋನ ಮೂರೂ ಆಕ್ಸಲ್‌ನಲ್ಲಿ ಒಂದೇ ಥರ ಇರಬೇಕು. ಒಂದು ಹೆಚ್ಚುಕಮ್ಮಿ ಆದರೂ ಮತ್ತೆ ಕುಂಟು.

ಹಳಿ_ತಪ್ಪಿದವ:
ಅಪ್ಪಾರು ಫಿಟ್ಟರ್ ಇದ್ರು ಅಂದ್ರಲ್ಲ. ರಿಪೇರಿ ನೀವು ಮಾಡಬ್ಯಾಡ್ರಿ. ಹಂಗ ಕುಂಟಿಸ್ಕೋತ ತಗೊಂಡು ಹೋಗಿ ಅವರ ಮುಂದ ಇಡ್ರಿ. ಅದಕ್ಕಿಂತ ದೊಡ್ಡ ಗಿಫ್ಟ್ ಇಲ್ಲ.

ಸುಮ್ನೆ_ಓದುವವಳು:
ಇದಕ್ಕೆ ನನ್ನ ವೋಟು.

ಗೇಜುಗಾರ:
ತಡವಾಗಿ ಬಂದೆ. ಭಾವನೆಗಳ ಬಗ್ಗೆ ಗೌರವ ಇದೆ, ಆದರೆ ಮಾಡೋದಿದ್ರೆ ಸರಿಯಾಗಿ ಮಾಡಿ.

1. 5586 ಕಟ್ಟಿದ್ದು ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ. ನಿಮ್ಮ ಲಿಯಾಂಡರ್ ಆಮೇಲಿನ ಕಂತು, 1936ರಲ್ಲಿ ಇಂಗ್ಲೆಂಡಿನ ಕ್ರೂ ಅನ್ನೋ ಊರಿನ ವರ್ಕ್‌ಶಾಪಿನಲ್ಲಿ ಆದದ್ದು. ಮೊದಲ ಕಂತಿನ ಜೂಬಿಲಿಗಳಿಗೆ ಬಾಯ್ಲರ್ ಮೇಲೆ ಡೋಮ್ (ಗುಮ್ಮಟದಂಥ ಉಬ್ಬು) ಇರಲಿಲ್ಲ. ನಿಮ್ಮ ಮಾಡೆಲ್‌ನಲ್ಲಿ ಡೋಮ್ ಇದೆ. ಸುಮ್ಮನೆ ನಂಬರ್ ಬದಲಿಸಿ 1935ರ ಮೈಸೂರ್ ಅಂದ್ರೆ ಗೊತ್ತಿರುವವರು ನಗ್ತಾರೆ.
2. ಟೆಂಡರ್ (ಎಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಗಾಡಿ) ಮೂರು ಥರ ಇತ್ತು. ಒಂದು ಎಂಜಿನ್ನಿನದನ್ನ ಇನ್ನೊಂದಕ್ಕೆ ಬದಲಿಸ್ತಾನೇ ಇದ್ರು. ಹಾಗಾಗಿ ಮೊದಲು ವರ್ಷ ಆರಿಸಿ, ಆ ವರ್ಷದ ಫೋಟೋ ಹುಡುಕಿ, ಆಮೇಲೆ ಕೆಲಸ.
3. 1948ರ ನಂತರ ನಂಬರ್‌ಗೆ 40000 ಸೇರಿಸಿ 45586 ಆಯ್ತು, ಬಣ್ಣ ಆಮೇಲೆ ಹಸಿರು. ಡೋಮ್ ಇಲ್ಲದವಕ್ಕೆ ಡೋಮ್ ಇರೋ ಬಾಯ್ಲರ್ ಹಾಕೋದು ಆಗಲೇ ಶುರುವಾಗಿತ್ತು. ಬ್ರಿಟಿಷ್ ರೈಲ್ವೇಸ್ ಕಾಲದ ಹಸಿರು ಮೈಸೂರ್ ಮಾಡಿದ್ರೆ ನಿಮ್ಮ ಡೋಮ್ ಸಮಸ್ಯೆ ತೀರಿತು.

ಕುವೆಂಪುನಗರ_ಟು_ಲೆಸ್ಟರ್:
ಸರ್ ಕೆಂಪು ಬಣ್ಣ ನೋಡೇ ತಗೊಂಡಿದ್ದು 😭

ಬೆಸುಗೆ_ಕಡ್ಡಿ:
ಗೇಜುಗಾರ್ರೇ, ಅವರ ಅಪ್ಪ ಡೋಮ್ ನೋಡಿ ‘ಇದು 1935ರದ್ದಲ್ಲ’ ಅಂತಾರಾ?

ಗೇಜುಗಾರ:
ರೈಲ್ವೆ ಫಿಟ್ಟರ್. ಅಂದರೂ ಅಂದಾರು.

ಉಗಿಬಂಡಿ_ಭಟ್ಟ:
ಇವರೊಂದು ಡೋಮ್ ಹಿಡ್ಕೊಂಡು ಕೂತದ್ದು ಮಾರಾಯ್ರೆ. ನಾನು ಒಂದು ಕೇಳ್ತೇನೆ. ನೀವು ಓಡಿಸುವ ಓಓ ಗೇಜೇ ಸುಳ್ಳಲ್ವಾ? ಮೈ 1:76.2, ಹಳಿ 16.5 ಮಿಲಿಮೀಟರ್. ನಿಜವಾದ 1435 ಮಿ.ಮೀ. ಹಳಿಯನ್ನು ಆ ಅಳತೆಗೆ ಇಳಿಸಿದರೆ 18.83 ಬರಬೇಕು. ಎಂಜಿನ್ನಿನ ಕಾಲು ಮೊದಲೇ ಸಣ್ಣ ಉಂಟು, ಅದರ ಮೇಲೆ ಡೋಮ್ ಸರಿಯಿಲ್ಲ ಅಂತ ತಕರಾರು!

ಗೇಜುಗಾರ:
ಅದು ಐತಿಹಾಸಿಕ ಕಾರಣದಿಂದ ಆದದ್ದು ಭಟ್ರೇ. ಬ್ರಿಟಿಷ್ ಎಂಜಿನ್‌ಗಳು ಯುರೋಪಿನ ಎಂಜಿನ್‌ಗಳಿಗಿಂತ ಗಿಡ್ಡ, ಸಪೂರ. ಅಲ್ಲಿಯ ಸುರಂಗ, ಸೇತುವೆ ಎಲ್ಲ ಇಕ್ಕಟ್ಟು. ಎಚ್‌ಓ ಅನ್ನೋ ಯುರೋಪಿನ ಸಣ್ಣ ಅಳತೆಯಲ್ಲಿ ಅದರೊಳಗೆ ಆಗಿನ ಮೋಟಾರ್ ಹಿಡಿಸ್ತಿರಲಿಲ್ಲ. ಹಾಗಾಗಿ ಮೈ ಮಾತ್ರ ಸ್ವಲ್ಪ ದೊಡ್ಡದು ಮಾಡಿ ಹಳಿ ಹಾಗೇ ಬಿಟ್ರು. ಆ ಸುಳ್ಳಿಗೆ ನೂರು ವರ್ಷ ಆಗ್ತಾ ಬಂತು, ಅದನ್ನ ಒಪ್ಕೊಂಡಿದ್ದೀವಿ. ಹೊಸ ಸುಳ್ಳು ಯಾಕೆ ಸೇರಿಸಬೇಕು?

ಉಗಿಬಂಡಿ_ಭಟ್ಟ:
ಹಳೇ ಸುಳ್ಳಿಗೆ ಪಿಂಚಣಿ, ಹೊಸ ಸುಳ್ಳಿಗೆ ದಂಡ. ಆಯ್ತು.

ಕಲಬುರಗಿ_ಕಾಕಾ:
ಯಪ್ಪಾ, ಆ ಪಟ್ಟಿ ಇನ್ನೊಮ್ಮಿ ನೋಡ್ರಿ. 5585 ಹೈದರಾಬಾದ್ ಅದ. 1935ರಾಗ ಕಲಬುರಗಿ, ರಾಯಚೂರು, ಬೀದರ್ ಎಲ್ಲಾ ನಿಜಾಮರ ಕಡಿ. ಅಂದ್ರ ನಂದು 5585, ನಿಮ್ದು 5586. ನಂಬರಿನಾಗ ನಾವು ಒಂದು ಹೆಜ್ಜಿ ಮುಂದ 😄

ಚಿಕ್ಕೋಡಿ_ಎಕ್ಸ್‌ಪ್ರೆಸ್:
ಹಂಗಂದ್ರ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲ 5576 ಬಾಂಬೆ ಡಬ್ಬಿಗೆ ಹತ್ತಬೇಕು. ಕೊಲ್ಲಾಪುರ ಪಕ್ಕದಾಗ ಇರೋ ನನ್ನಂಥವರಿಗೆ 5593 ಕೊಲ್ಹಾಪುರ್ ಭೀ ಅದ. ಆ ಎಂಜಿನ್ ಇನ್ನೂ ಜೀವಂತ ಐತಿ, ಗೊತ್ತೇನ್ರಿ? ಬರ್ಮಿಂಗ್‌ಹ್ಯಾಮಿನ ಟೈಸ್ಲಿಯೊಳಗ. ಮೈಸೂರ್ ಗುಜರಿಗೆ ಹೋತು, ಕೊಲ್ಹಾಪುರ್ ಉಳೀತು.

ಉಗಿಬಂಡಿ_ಭಟ್ಟ:
ಮಂಗಳೂರು, ಉಡುಪಿ, ಬಳ್ಳಾರಿ 5575 ಮದ್ರಾಸ್. ಟಿಕೆಟ್ ತೋರಿಸಿ ಹತ್ತಿ.

ಮಂಜಿನ_ಮಡಿಕೇರಿ:
ಕೊಡಗಿಗೆ ಒಂದೂ ಎಂಜಿನ್ ಇಲ್ವಾ? ಅಲ್ಲೂ ರೈಲಿಲ್ಲ, ಇಲ್ಲೂ ರೈಲಿಲ್ಲ. ನಮ್ಮ ಹಣೆಬರಹವೇ ಇಷ್ಟು.

ಹಳಿ_ತಪ್ಪಿದವ:
1956ರ ಏಕೀಕರಣ ಆಗೋಕಿಂತ ಮೊದಲು ಕರ್ನಾಟಕ ಹೆಂಗಿತ್ತು ಅಂತ ಸಾಲಿ ಮಕ್ಕಳಿಗೆ ಹೇಳಾಕ ಈ ಜೂಬಿಲಿ ಪಟ್ಟಿ ಸಾಕು ನೋಡ್ರಿ. ನಾಲ್ಕು ಎಂಜಿನ್ ಒಂದು ಹಳಿಗೆ ಜೋಡಿಸಬೇಕಾತು.

ಸುಮ್ನೆ_ಓದುವವಳು:
ಒಂದು ಪ್ರಶ್ನೆ, ಬೈಬೇಡಿ. ಇಷ್ಟು ನಮ್ಮ ಊರಿನ ಹೆಸರು ಯಾಕೆ ಇಟ್ರು? ಮಹಾರಾಜರು ದುಡ್ಡು ಕೊಟ್ಟಿದ್ರಾ?

ಡಬ್ಬಿ_ಬಿಚ್ಚದವ:
ನಾನು ಕೇಳಿದ ಪ್ರಕಾರ ನಾಲ್ವಡಿಯವರು ಎಂಜಿನ್ ಒಂದನ್ನ ಉಡುಗೊರೆ ಕೊಟ್ಟಿದ್ರು.

ಗೇಜುಗಾರ:
ಇಲ್ಲ ಸರ್. ಹಾಗೇನೂ ಇಲ್ಲ. 1935ರಲ್ಲಿ ಐದನೇ ಜಾರ್ಜ್ ಪಟ್ಟಕ್ಕೆ ಬಂದು 25 ವರ್ಷ ಆಯ್ತು. ಆ ರಜತೋತ್ಸವದ ಗುರುತಿಗೆ ಒಂದು ಎಂಜಿನ್ನಿಗೆ ‘ಸಿಲ್ವರ್ ಜೂಬಿಲಿ’ ಅಂತ ಹೆಸರಿಟ್ರು, ಅದರಿಂದ ಇಡೀ ವರ್ಗಕ್ಕೇ ಜೂಬಿಲಿ ಅನ್ನೋ ಹೆಸರು ಬಂತು. ವಿನ್ಯಾಸ ವಿಲಿಯಂ ಸ್ಟೇನಿಯರ್ ಅವರದ್ದು. ಎಂಜಿನ್‌ಗಳು 1934ರಿಂದಲೇ ಹೆಸರಿಲ್ಲದೆ ಓಡ್ತಿದ್ವು, ಹೆಸರು ಆಮೇಲೆ ಒಂದೊಂದಾಗಿ ಬಂತು. ಮೊದಲು ಸಾಮ್ರಾಜ್ಯದ ದೇಶ, ಪ್ರಾಂತ್ಯ, ಸಂಸ್ಥಾನ. ಅದು ಮುಗಿದ ಮೇಲೆ ನೌಕಾ ಸೇನಾಪತಿಗಳು, ಯುದ್ಧನೌಕೆಗಳು. ಲಿಯಾಂಡರ್ ಕೂಡ ಒಂದು ಯುದ್ಧನೌಕೆಯ ಹೆಸರೇ.

ನೀಲಿ_ಬಾಯ್ಲರ್:
ಅಯ್ಯೋ, ಭಾರತದ ಹೆಸರಿನ ಎಂಜಿನ್ ಅಂದ್ರೆ ನೀಲಿ ಬಣ್ಣದ್ದಲ್ವಾ? ಮೂತಿ ಇಳಿಜಾರಾಗಿರುತ್ತಲ್ಲ, ಅದು?

ಗೇಜುಗಾರ:
ಅದು ಬೇರೆ. ಎಲ್‌ಎನ್‌ಇಆರ್ ಅನ್ನೋ ಇನ್ನೊಂದು ರೈಲು ಕಂಪನಿಯ ಎ4 ವರ್ಗ, 4490 ‘ಎಂಪೈರ್ ಆಫ್ ಇಂಡಿಯಾ’. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್‌ನ ಅಣ್ಣತಮ್ಮ. ನಿಮ್ಮ ಎಂಪೈರ್ ಆಫ್ ಇಂಡಿಯಾ ಉಳಿಯಲಿಲ್ಲ. 35 ಎ4 ಕಟ್ಟಿದ್ರು, ಉಳಿದದ್ದು ಆರು.

ಮಸಿ_ಬಳಿದವ:
ಒಂದು ನಿಮಿಷ. ಬ್ರಿಟಿಷ್ ಚಕ್ರವರ್ತಿ ಪಟ್ಟಕ್ಕೆ ಬಂದ ಸಂಭ್ರಮಕ್ಕೆ ‘ಇವೆಲ್ಲ ನಮ್ಮ ಆಸ್ತಿ’ ಅಂತ ಪಟ್ಟಿ ಮಾಡಿದ ಹೆಸರುಗಳು ಇವು. ಅದರಲ್ಲಿ ನಮ್ಮೂರಿನ ಹೆಸರು ಕಂಡು ನಾವು ಕುಣಿದಾಡ್ಬೇಕಾ? ಮನೆಯಲ್ಲಿ ಪೂಜೆಗಿಡ್ಬೇಕಾ? ನನಗಂತೂ ಇದು ಗುಲಾಮಗಿರಿಯ ಬೋರ್ಡ್ ಥರ ಕಾಣುತ್ತೆ.

ಕಲಬುರಗಿ_ಕಾಕಾ:
ತಮ್ಮಾ, ಎಂಜಿನ್ ಕಟ್ಟಿದಾಂವ ಗ್ಲಾಸ್ಗೋದ ಕೂಲಿಕಾರ. ಅವನೇನು ನಿನ್ನ ಗುಲಾಮ ಮಾಡಿಲ್ಲ. ಅದೇ ಕಾರ್ಖಾನಿ ಭಾರತಕ್ಕೂ ಸಾವಿರಗಟ್ಟಲೆ ಎಂಜಿನ್ ಕಳಿಸ್ಯದ. ಅವುಗಳ ಮ್ಯಾಲ ನಮ್ಮ ಅಜ್ಜ ಫೈರ್‌ಮನ್ ಕೆಲಸ ಮಾಡ್ಯಾನ. ಕಲ್ಲಿದ್ದಲು ಎತ್ತಿ ಹಾಕಿ ಕೈ ಸುಟ್ಕೊಂಡ ಕಲಿ ಸಾಯೋತನಾ ಇತ್ತು.

ಮಸಿ_ಬಳಿದವ:
ಕಾಕಾ, ನಿಮ್ಮ ಅಜ್ಜನ ಬಗ್ಗೆ ಒಂದು ಮಾತೂ ಆಡಿಲ್ಲ. ಹೆಸರು ಇಟ್ಟವರು ಕೂಲಿಕಾರರಲ್ಲ, ಡೈರೆಕ್ಟರುಗಳು. ನಾನು ಹೇಳಿದ್ದು ಅದನ್ನ.

ಕುವೆಂಪುನಗರ_ಟು_ಲೆಸ್ಟರ್:
ಮಸಿ ಅಣ್ಣಾ, ನೀವು ಹೇಳಿದ್ದು ನನಗೂ ಹೊಳೆದಿತ್ತು, ಸುಳ್ಳು ಹೇಳಲ್ಲ. ಆದ್ರೆ ಅಪ್ಪನ ಕೈಯಲ್ಲಿ ಲಿಯಾಂಡರ್ ಇಟ್ರೆ ‘ಯಾರೋ ಇವನು?’ ಅಂತಾರೆ. ಮೈಸೂರ್ ಇಟ್ರೆ ಏನೂ ಕೇಳಲ್ಲ. ನನಗೆ ಅಷ್ಟೇ ಬೇಕಿರೋದು.

ನಿರ್ವಾಹಕ:
ರಾಜಕೀಯ ಇಲ್ಲಿಗೆ ಸಾಕು. ಎಂಜಿನ್ ಬಗ್ಗೆ ಮಾತಾಡಿ.

ನೀಲಿ_ಬಾಯ್ಲರ್:
ಇನ್ನೊಂದು ಸಂಶಯ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ‘ಮೈಸೂರು’ ಅಲ್ವಾ? ಫಲಕದಲ್ಲಿ ಕೊನೆಗೆ ‘ಉ’ ಸೇರಿಸ್ಬೇಕಾ? 😜

ಗೇಜುಗಾರ:
ದೇವರಾಣೆಗೂ ಬೇಡ.

ಉಗಿಬಂಡಿ_ಭಟ್ಟ:
ಹೆಸರು ಬಿಡಿ, ಎಲ್ಲಕ್ಕಿಂತ ದೊಡ್ಡ ತಮಾಷೆ ನಿಮಗೆ ಕಾಣಲಿಲ್ವಾ? ಆ ‘ಮೈಸೂರ್’ ಎಂಜಿನ್ ಮೈಸೂರಿಗೆ ಬರಲಿಕ್ಕೇ ಸಾಧ್ಯ ಇರಲಿಲ್ಲ. ಅದು 1435 ಮಿ.ಮೀ. ಹಳಿಯದ್ದು. ಬೆಂಗಳೂರು–ಮೈಸೂರು ಮೀಟರ್ ಗೇಜ್, ಸಾವಿರ ಮಿಲಿಮೀಟರ್. ಬ್ರಾಡ್‌ಗೇಜ್ ಆದ ಮೇಲೆ ಬಂದರೂ ಆಗ್ತಿರಲಿಲ್ಲ, ಅದು 1676. ಮೊದಲು ಹಳಿಗಿಂತ ದೊಡ್ಡದು, ಆಮೇಲೆ ಹಳಿಗಿಂತ ಸಣ್ಣದು. ಮೈಸೂರಿಗೆ ಬರಬೇಕಾದ್ರೆ ಹೀಗೆ ನಿಮ್ಮ ಕೈಚೀಲದಲ್ಲೇ ಬರಬೇಕು.

ಹಳಿ_ತಪ್ಪಿದವ:
ಭಟ್ರ, ಇದು ಮಾತ್ರ ಭಾರೀ ಆತು ನೋಡ್ರಿ.

ಡಬ್ಬಿ_ಬಿಚ್ಚದವ:
ನೀವೆಲ್ಲ ನಗ್ತಾ ಇರಿ. ಮೂಲ ಸ್ಥಿತಿ ಹಾಳು ಮಾಡಿದ್ರೆ ಏನಾಗುತ್ತೆ ಅಂತ ನನ್ನ ಮನೆಯ ಕಥೆ ಹೇಳ್ತೀನಿ, ಕೇಳಿ.

ನಮ್ಮ ದೊಡ್ಡಪ್ಪ 1950ರ ದಶಕದಲ್ಲಿ ಲಂಡನ್ನಿಗೆ ಓದೋಕೆ ಹೋದವರು ಬರುವಾಗ ಹಾರ್ನ್‌ಬಿ ಡಬ್ಲೋ ಮಾಡೆಲ್ ರೈಲು ಸೆಟ್ ತಂದಿದ್ರು. ನೀಲಿ ‘ಸರ್ ನೈಜೆಲ್ ಗ್ರೆಸ್ಲಿ’ ಎಂಜಿನ್, ಮೂರು ಹಳಿಯದ್ದು, ನಡುವಿನ ಹಳಿಯಿಂದ ಕರೆಂಟ್. ಮೈ ಪೂರ್ತಿ ಎರಕದ ಲೋಹ. ಡಬ್ಬಿ, ಕಾಗದ, ಎಣ್ಣೆ ಬಾಟಲಿ ಸಮೇತ ಇತ್ತು. ನಾನು ಹುಡುಗನಾಗಿದ್ದಾಗ ಒಂದು ಆಯುಧಪೂಜೆ. ಸ್ಕೂಟರ್ ತೊಳೆದರು, ಹೊಲಿಗೆ ಯಂತ್ರ ಒರೆಸಿದರು, ಆಮೇಲೆ ಚಿಕ್ಕಪ್ಪ ‘ಈ ರೈಲು ಮಾಸಿದೆ’ ಅಂತ ಕಿಟಕಿಗೆ ಹಚ್ಚಿ ಮಿಕ್ಕಿದ್ದ ಹಸಿರು ಎನಾಮಲ್ ಪೇಂಟ್ ಹೊಡೆದೇಬಿಟ್ರು. ಮೇಲೆ ಮೂರು ಬೆರಳಲ್ಲಿ ವಿಭೂತಿ, ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತಳ್ಳಿದ್ರು, ರಸ ಮೋಟಾರ್ ಒಳಗೆ ಹೋಯ್ತು. ಈಗ ಅದು ನನ್ನ ಹತ್ತಿರ ಇದೆ. ಓಡಲ್ಲ. ಮಾರೋಕೂ ಆಗಲ್ಲ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಸುಮ್ನೆ_ಓದುವವಳು:
ಸರ್, ಕ್ಷಮಿಸಿ, ನಿಂಬೆಹಣ್ಣಿಗೆ ನಗು ತಡೆಯೋಕಾಗಲಿಲ್ಲ.

ಬೆಸುಗೆ_ಕಡ್ಡಿ:
ನಿಜ ಹೇಳಿ ಡಬ್ಬಿ ಸರ್. ನಿಮ್ಮ ಡಬ್ಬಿಯಲ್ಲಿರೋ 41 ಎಂಜಿನ್‌ಗಳಲ್ಲಿ ಯಾವುದಕ್ಕಾದರೂ ಇಂಥ ಕಥೆ ಇದೆಯಾ?

ಡಬ್ಬಿ_ಬಿಚ್ಚದವ:
ಇಲ್ಲ. ಇರಬಾರದು ಅಂತಲೇ ಡಬ್ಬಿ.

ಗೇಜುಗಾರ:
ಆ ಡಬ್ಬಿಯೂ ಪೂರ್ತಿ ಕಾಪಾಡಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎರಕದ ಮಾಡೆಲ್‌ಗಳಲ್ಲಿ ಸತುವಿನ ಮಿಶ್ರಲೋಹಕ್ಕೆ ಸೀಸದಂಥ ಕಲ್ಮಶ ಬೆರೆತಿದ್ದರೆ ಡಬ್ಬಿಯೊಳಗೇ ಉಬ್ಬಿ, ಬಿರುಕು ಬಿಟ್ಟು, ಪುಡಿಪುಡಿ ಆಗುತ್ತೆ. ಇತ್ತೀಚಿನ ಕೆಲವು ಮಾಡೆಲ್‌ಗಳಲ್ಲೂ ಕಂಡಿದೆ. ಒಂದು ಸಲ ಶುರುವಾದರೆ ಔಷಧಿ ಇಲ್ಲ. ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಿ.

ಡಬ್ಬಿ_ಬಿಚ್ಚದವ:
ಈಗ ರಾತ್ರಿ ನಿದ್ದೆ ಬರಲ್ಲ. ಥ್ಯಾಂಕ್ಸ್.

ಬೆಸುಗೆ_ಕಡ್ಡಿ:
ಹೆಸರು ಬದಲಿಸೋದು ಅಪಚಾರ ಅನ್ನೋರಿಗೆ ಒಂದು ಮಾತು. ಎಲ್‌ಎಂಎಸ್‌ನವರು ಏನು ಮಾಡಿದ್ರು ಗೊತ್ತಾ? ಆ ‘ಸಿಲ್ವರ್ ಜೂಬಿಲಿ’ ಎಂಜಿನ್ 5552 ಅಂತೀವಲ್ಲ, ಅದು ಹುಟ್ಟಿದ್ದು 5642 ಆಗಿ. 1935ರಲ್ಲಿ ಎರಡರ ನಂಬರ್ ಅದಲು ಬದಲು ಮಾಡಿ, ಹೊಸ ಎಂಜಿನ್ನಿಗೆ ಕಪ್ಪು ಬಣ್ಣ, ಕ್ರೋಮ್ ಪಟ್ಟಿ ಹಾಕಿ ಮೆರೆಸಿದ್ರು. 1933ರಲ್ಲಿ ಅಮೆರಿಕಕ್ಕೆ ಹೋದ ‘ರಾಯಲ್ ಸ್ಕಾಟ್’ ನಿಜವಾಗಿ 6152 ನಂಬರಿನ ಬೇರೆ ಎಂಜಿನ್. 1939ರಲ್ಲಿ ಅಮೆರಿಕಕ್ಕೆ ಹೋದ ‘ಕಾರೊನೇಷನ್’ ನಿಜವಾಗಿ ‘ಡಚೆಸ್ ಆಫ್ ಹ್ಯಾಮಿಲ್ಟನ್’. ಫಲಕ ಬಿಚ್ಚಿ ಫಲಕ ಹಾಕಿದ್ರು, ಅಷ್ಟೇ. ಬಾಯ್ಲರ್ ಅಂತೂ ವರ್ಕ್‌ಶಾಪಿಗೆ ಹೋದಾಗಲೆಲ್ಲ ಬೇರೆ ಎಂಜಿನ್ನಿಂದು ಬರ್ತಿತ್ತು.

ಅಸಲಿ ಎಂಜಿನ್ನುಗಳಿಗೇ ಹೀಗೆ ಮಾಡಿದ ಕಂಪನಿಯ ಪ್ಲಾಸ್ಟಿಕ್ ಮಾಡೆಲ್‌ಗೆ ನಾವು ಯಾಕೆ ಇಷ್ಟು ಮಡಿ ಮಾಡ್ಬೇಕು?

ಗೇಜುಗಾರ:
...ಈ ಪಾಯಿಂಟ್ ನಿಮ್ಮದು. ಡೋಮ್ ಮಾತ್ರ ಬಿಡಲ್ಲ.

ಬೆಸುಗೆ_ಕಡ್ಡಿ:
ಈಗ ಕೆಲಸದ ವಿಷಯ. ಲೆಸ್ಟರ್ ಸರ್, ಹೀಗೆ ಮಾಡಿ.

ನೇಲ್ ಪಾಲಿಶ್ ರಿಮೂವರ್ ಹತ್ತಿರಕ್ಕೂ ತರಬೇಡಿ. ಅದರಲ್ಲಿರೋ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ. ನನ್ನ ಮೊದಲ ಎಂಜಿನ್ನಿನ ಕ್ಯಾಬ್ ಹಾಗೇ ಮೇಣದ ಥರ ಆಯ್ತು. ಕಾರಿನ ಗೀರು ತೆಗೆಯೋ ಪಾಲಿಶ್ ಸಿಗುತ್ತಲ್ಲ, ಅದನ್ನ ಕಿವಿಗೆ ಹಾಕೋ ಹತ್ತಿಕಡ್ಡಿಗೆ ಒಂಚೂರು ಹಚ್ಚಿ, ನಂಬರ್ ಮೇಲೆ ಮಾತ್ರ ಮೆಲ್ಲಗೆ ಉಜ್ಜಿ. ಐದು ನಿಮಿಷಕ್ಕೊಂದು ಸಲ ನಿಲ್ಲಿಸಿ ನೋಡಿ. ಹತ್ತಿಗೆ ಅಕ್ಷರದ ಬಣ್ಣ ಬಿಟ್ಟು ಕೆಂಪು ಬರೋಕೆ ಶುರುವಾಯ್ತೋ, ಆವತ್ತಿಗೆ ಸಾಕು. ಉಜ್ಜಿದ ಜಾಗ ಹೊಳಪಾಗುತ್ತೆ, ಗಾಬರಿ ಬೇಡ, ಕೊನೆಗೆ ವಾರ್ನಿಶ್ ಹೊಡೆದಾಗ ಸಮ ಆಗುತ್ತೆ.

ಹೊಸ ನಂಬರ್‌ಗೆ ನೀರಲ್ಲಿ ನೆನೆಸಿ ಜಾರಿಸೋ ಟ್ರಾನ್ಸ್‌ಫರ್ ಹಾಳೆ ತಗೊಳ್ಳಿ. ಎಲ್‌ಎಂಎಸ್ ಅಂಕಿಗಳಿಗೆ ಚಿನ್ನದ ಬಣ್ಣ, ಸುತ್ತ ನೆರಳು. 5586ಗೆ ಎರಡು ಐದು ಬೇಕು, ಎರಡು ಕಡೆ ಸೇರಿ ನಾಲ್ಕು. ಹಾಳೆಯಲ್ಲಿ ಎಷ್ಟಿದೆ ಅಂತ ಎಣಿಸಿಯೇ ಕೊಳ್ಳಿ. ನಾಮಫಲಕ ಕೊರೆದ ಹಿತ್ತಾಳೆಯದ್ದೇ ಇರಲಿ. ಚಕ್ರದ ಮೇಲಿನ ಕಮಾನಿಗೆ ಒಪ್ಪೋ ಹಾಗೆ ಬಾಗಿರುತ್ತೆ. ಹೆಸರು ಹೇಳಿದ್ರೆ ಮಾಡಿಕೊಡೋರು ಇದ್ದಾರೆ. ಮಾಡೆಲ್‌ನ ಹಳೇ ಹೆಸರನ್ನ ಕಿತ್ತು ತೆಗೆಯೋ ಗೋಜಿಗೆ ಹೋಗಬೇಡಿ, ಅದರ ಮೇಲೇ ಎರಡು ಹನಿ ಅಂಟು ಹಾಕಿ ಕೂರಿಸಿ. ಸೂಪರ್ ಗ್ಲೂ ಬೇಡ, ಹಬೆಗೆ ಸುತ್ತ ಬೆಳ್ಳಗಾಗುತ್ತೆ. ಹೀಗೆ ಮಾಡಿದ್ರೆ ಡಬ್ಬಿ ಸರ್‌ಗೂ ಸಮಾಧಾನ, ಕೆಳಗೆ ಲಿಯಾಂಡರ್ ಇದ್ದೇ ಇರ್ತಾನೆ.

ಡಬ್ಬಿ_ಬಿಚ್ಚದವ:
ಅರ್ಧ ಸಮಾಧಾನ.

ನೀಲಿ_ಬಾಯ್ಲರ್:
ಸೌಂಡ್ ಚಿಪ್ ಹಾಕ್ಸಿ ಸರ್. ಛುಕ್ ಛುಕ್ ಅಂದ್ರೆ ಅಪ್ಪ ಖುಷಿ ಆಗ್ತಾರೆ.

ಬೆಸುಗೆ_ಕಡ್ಡಿ:
ಸ್ಪ್ಲಿಟ್ ಚಾಸಿಸ್‌ಗೆ ಡಿಸಿಸಿ (ಸೌಂಡ್ ಚಿಪ್‌ಗೆ ಬೇಕಾಗೋ ಡಿಜಿಟಲ್ ಕಂಟ್ರೋಲ್) ಹಾಕೋದು ತಲೆನೋವು. ಮೋಟಾರ್ ಚಾಸಿಸ್‌ಗೇ ತಾಗಿಕೊಂಡಿರುತ್ತೆ, ಅದನ್ನ ಬೇರೆ ಮಾಡಬೇಕು. ಹಾಕಲೇಬೇಕು ಅಂದ್ರೆ ಬ್ಯಾಕ್‌ಮನ್‌ನ ಆಮೇಲಿನ ಹೊಸ ಚಾಸಿಸ್ಸಿನ ಜೂಬಿಲಿ ತಗೊಳ್ಳಿ.

ಗೇಜುಗಾರ:
ಹಾಕಿದ್ರೂ ಜೂಬಿಲಿಗೆ ಮೂರು ಸಿಲಿಂಡರ್ ಅನ್ನೋದು ನೆನಪಿರಲಿ. ಚಕ್ರದ ಒಂದು ಸುತ್ತಿಗೆ ಆರು ಸಲ ಉಸಿರು. ಎರಡು ಸಿಲಿಂಡರಿನದ್ದಕ್ಕೆ ನಾಲ್ಕು. ಯಾವುದೋ ಎಂಜಿನ್ನಿನ ಸದ್ದು ಹಾಕಿದ್ರೆ ಕಣ್ಣು ಮುಚ್ಚಿದವರಿಗೂ ಮೋಸ ಗೊತ್ತಾಗುತ್ತೆ.

ಕಲಬುರಗಿ_ಕಾಕಾ:
ಇದು ಖರೇ ಮಾತು. ನಮ್ಮ ಅಜ್ಜ ಮನ್ಯಾಗ ಕುಂತು ಸದ್ದಿನ ಮ್ಯಾಲ ಯಾವ ಎಂಜಿನ್ ಬಂತು ಅಂತ ಹೇಳ್ತಿದ್ದ. ಡ್ರೈವರ್ ಯಾರಂತನೂ ಹೇಳ್ತಿದ್ದ, ಅದು ಮಾತ್ರ ಅರ್ಧ ಸುಳ್ಳು ಇರ್ತಿತ್ತು.

ಮಂಜಿನ_ಮಡಿಕೇರಿ:
ಭಾರತಕ್ಕೆ ತರುವಾಗ ಸುಂಕ ಬೀಳುತ್ತಾ? ನಾನೂ ಒಂದು ತರಿಸೋಣ ಅಂತಿದ್ದೆ.

ಉಗಿಬಂಡಿ_ಭಟ್ಟ:
ಪಾರ್ಸೆಲ್‌ನಲ್ಲಿ ತರಿಸಿದರೆ ಬೀಳ್ತದೆ. ಆಟಿಕೆಯ ಸುಂಕ 2020ರಲ್ಲಿ 20ರಿಂದ 60 ಶೇಕಡಕ್ಕೆ, 2023ರಲ್ಲಿ 70ಕ್ಕೆ ಹೋಯ್ತು. ಅಳತೆಯ ಮಾಡೆಲ್ ಕೂಡ ಆಟಿಕೆಯ ಪಟ್ಟಿಯಲ್ಲೇ ಉಂಟು. ಯಾರಾದರೂ ಊರಿಗೆ ಬರುವವರ ಕೈಯಲ್ಲಿ ಕಳಿಸುವುದು ಒಳ್ಳೇದು. ನನ್ನದೊಂದು ಪಾರ್ಸೆಲ್‌ನಲ್ಲಿ ಬಂತು, ಬಿಚ್ಚಿ ನೋಡಿದರೆ ಬಫರ್ ಒಂದು ಕಡೆ, ಮುಂದಿನ ಸಣ್ಣ ಚಕ್ರಗಳ ಬೋಗಿ ಇನ್ನೊಂದು ಕಡೆ. ಮಾರಿದವನು ಒಂದೇ ಒಂದು ಸುತ್ತು ಬಬಲ್ ಶೀಟ್ ಹಾಕಿದ್ದ, ಕಂಜೂಸ್.

ಲೆಸ್ಟರ್‌ನವರೇ, ನೀವು ಚೆಕ್‌ಇನ್‌ನಲ್ಲಿ ಹಾಕಬೇಡಿ. ಕೈಚೀಲದಲ್ಲಿ, ಟೆಂಡರ್ ಬೇರೆ ಎಂಜಿನ್ ಬೇರೆ ಸುತ್ತಿ.

ಹಳಿ_ತಪ್ಪಿದವ:
ಮೈಸೂರಿಗೆ ಹೋದ ಮ್ಯಾಲ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೂ ಅಪ್ಪಾರನ್ನ ಕರ್ಕೊಂಡು ಹೋಗ್ರಿ. 1979ರಿಂದ ಐತಿ. ಮಹಾರಾಣಿಯವರ ಸಲೂನ್ ಅಲ್ಲೇ ಐತಿ. ಅದರ ಮುಂದ ಈ ಸಣ್ಣ ಮೈಸೂರ್ ಹಿಡ್ಕೊಂಡು ಒಂದು ಫೋಟೋ ಹೊಡೀರಿ, ಇಲ್ಲಿ ಹಾಕ್ರಿ.

ಕುವೆಂಪುನಗರ_ಟು_ಲೆಸ್ಟರ್:
ಮೂರು ವಾರ ಆಯ್ತು, ಅಪ್‌ಡೇಟ್ ಕೊಡ್ತಿದ್ದೀನಿ.

ಫಲಕ ಬಂತು. ಕೈಬೆರಳಿನ ಒಂದು ಗೆಣ್ಣಿನಷ್ಟು ಹಿತ್ತಾಳೆ, ಅದರಲ್ಲಿ ನಮ್ಮೂರು. ಎಡಗಡೆ ನಂಬರ್ ಅಳಿಸಿದೆ, ಬೆಸುಗೆ ಮೇಡಂ ಹೇಳಿದ ಹಾಗೇ. ಒಂದು ಸಂಜೆ ಪೂರ್ತಿ ಹಿಡಿಯಿತು, ಸ್ವಲ್ಪ ಕೆಂಪು ಹೋಗಿದೆ, ವಾರ್ನಿಶ್ ಆದ್ಮೇಲೆ ಕಾಣ್ತಿಲ್ಲ. 5586 ಕೂತಿತು. ಆಮೇಲೆ ಬಲಗಡೆಗೆ ಹೋದ್ರೆ ಹಾಳೆಯಲ್ಲಿ ಐದು ಇಲ್ಲ! ಒಂದನ್ನ ಅಂಟಿಸುವಾಗ ಹರಿದಿದ್ದೆ, ಇನ್ನೊಂದು ಸಿಂಕ್‌ನಲ್ಲಿ ಹೋಯ್ತು. ಮೇಡಂ ಎಣಿಸಿ ಅಂದಿದ್ರು, ಎಣಿಸಿದ್ದೆ, ಹರಿಯೋದನ್ನ ಲೆಕ್ಕ ಹಾಕಿರಲಿಲ್ಲ.

ಅಪ್ಪನಿಗೆ ತಡೀಲಾರದೆ ವಿಡಿಯೋ ಕಾಲ್‌ನಲ್ಲಿ ತೋರಿಸಿಬಿಟ್ಟೆ. ಹೆಸರು ಓದಿದ್ರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ‘ಓಡಿಸು ನೋಡಣ’ ಅಂದ್ರು. ಓಡಿಸಿದೆ, ಟಿಕ್ ಟಿಕ್ ಅಂತು. ‘ನಡುವಿನ ಆಕ್ಸಲ್ಲು ಕಣೋ. ನೀನು ಮುಟ್ಬೇಡ, ಹಾಗೇ ತಗೊಂಡ್ ಬಾ’ ಅಂದ್ರು. ಡೋಮ್ ಬಗ್ಗೆ ಏನೂ ಅನ್ನಲಿಲ್ಲ ಗೇಜುಗಾರ್ ಸರ್.

ಈಗ ಎಡಗಡೆಯಿಂದ ನೋಡಿದ್ರೆ ಮೈಸೂರ್, ಬಲಗಡೆಯಿಂದ ನೋಡಿದ್ರೆ ಲಿಯಾಂಡರ್. ಇನ್ನೊಂದು ಹಾಳೆ ತರಿಸ್ಲಾ, ಹೀಗೇ ಬಿಡ್ಲಾ ಅಂತ ಯೋಚಿಸ್ತಿದ್ದೀನಿ.

ಡಬ್ಬಿ_ಬಿಚ್ಚದವ:
ಹೀಗೇ ಬಿಡಿ! ಬಲಗಡೆ ಮೂಲ ಸ್ಥಿತಿ!

ಗೇಜುಗಾರ:
ಎರಡು ಕಡೆ ಎರಡು ಹೆಸರಿನ ಎಂಜಿನ್ ಇತಿಹಾಸದಲ್ಲೇ ಇಲ್ಲ. ಹಾಳೆ ತರಿಸಿ. ನನ್ನ ಹತ್ತಿರ ಎರಡು ಐದು ಮಿಕ್ಕಿವೆ, ಬೇಕಿದ್ರೆ ಕವರ್‌ನಲ್ಲಿ ಕಳಿಸ್ತೀನಿ. ನೆರಳಿನ ಬಣ್ಣ ಹೊಂದುತ್ತಾ ನೋಡ್ಬೇಕು, ಎಡಗಡೆಯದ್ದು ಕೆಂಪು ನೆರಳಾ ಕಪ್ಪಾ?

ಕುವೆಂಪುನಗರ_ಟು_ಲೆಸ್ಟರ್:
ಕಪ್ಪು ಸರ್.

ಗೇಜುಗಾರ:
ನನ್ನದು ಕೆಂಪು. ಥೂ.